ಸಹಾಯ ಬೇಕು: ತುಮಕೂರಿನಲ್ಲಿ ಪ್ರಾಣಿ ಆಶ್ರಯದ ಕೆಲಸಗಾರರಿಗೆ ತರಬೇತಿ ಕೊಡುವವರು

ಎಲ್ಲರಿಗೂ ನಮಸ್ಕಾರ. ಕ್ಯಾತಸಂದ್ರದ ಕಡೆ ಬೀದಿನಾಯಿಗಳ ಆಶ್ರಯದಲ್ಲಿ ದುಡಿಯುವ ಆರು ಜನಕ್ಕೆ ಎರಡು ದಿನ, ಕನ್ನಡದಲ್ಲೇ, ಕೈಯಾರೆ ಮಾಡಿಸಿ ಕಲಿಸುವವರು ಬೇಕಾಗಿದ್ದಾರೆ. ಬರೀ ಭಾಷಣ ಬೇಡ.

ಮುಖ್ಯವಾಗಿ ಪಾರ್ವೋ (ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ) ತಡೆಯುವುದನ್ನು ಕಲಿಸಬೇಕು. ಫಿನಾಯಿಲ್ ಹಾಕಿ ಒರೆಸಿದರೆ ಈ ವೈರಸ್ ಸಾಯುವುದಿಲ್ಲ. ಮೊದಲು ಮಲ, ಕೂದಲು ತೆಗೆದು ಸೋಪಿನ ನೀರಲ್ಲಿ ಉಜ್ಜಿ ತೊಳೆಯಬೇಕು. ಕೊಳೆ ಉಳಿದರೆ ಬ್ಲೀಚಿನ ಶಕ್ತಿ ಅದರಲ್ಲೇ ಮುಗಿದುಹೋಗುತ್ತದೆ. ಆಮೇಲೆ ಬ್ಲೀಚ್, ಅಂದರೆ 5% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, 10 ಲೀಟರ್ ನೀರಿಗೆ 300 ಮಿ.ಲೀ. ನೆಲ 10 ನಿಮಿಷ ಒದ್ದೆಯಾಗೇ ಇರಬೇಕು. ಆಸಿಡ್ ಜೊತೆ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ಆರೋಗ್ಯವಾಗಿರುವ ಮರಿಗಳ ಗೂಡು ಮೊದಲು, ಕಾಯಿಲೆ ನಾಯಿಗಳದ್ದು ಕೊನೆಗೆ. ಹೆಚ್ಚಾಗಿ ತಪ್ಪುವುದು ಈ ಕ್ರಮವೇ, ಸೋಂಕು ಪೊರಕೆ, ಚಪ್ಪಲಿಯಲ್ಲೇ ಹರಡುತ್ತದೆ.

ಬಲೆಯಲ್ಲಿ ಹಿಡಿಯುವುದು, ಬಾಯಿಪಟ್ಟಿ ಕಟ್ಟುವುದು, ಶಸ್ತ್ರಚಿಕಿತ್ಸೆಯ ಹೊಲಿಗೆ ನೋಡಿಕೊಳ್ಳುವುದನ್ನೂ ಹೇಳಿಕೊಡಬೇಕು.

ನಾಯಿ ಮುಟ್ಟುವ ಮೊದಲೇ ಎಲ್ಲರಿಗೂ ರೇಬೀಸ್ ಮುಂಜಾಗ್ರತಾ ಲಸಿಕೆ (0, 7, 21ನೇ ದಿನ) ಮುಗಿದಿರಬೇಕು. ಹಾಗಾಗಿ ತರಬೇತಿ ನಾಲ್ಕು ವಾರದ ನಂತರವೇ. ಲಸಿಕೆ ಆಗಿದ್ದರೂ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಇದನ್ನು ಒತ್ತಿ ಹೇಳುವವರೇ ಬೇಕು.

ಅನುಭವವಿರುವ ಪಶುವೈದ್ಯರು, ನಾಯಿ ಹಿಡಿಯುವ ಪಳಗಿದ ಕೈಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಂಭಾವನೆ, ಊಟ, ಬಸ್ ಖರ್ಚು ಕೊಡುತ್ತೇವೆ.