ಟೆರರಿಸಂ ಕವರ್: ಬೇಕು ಅಂತ ಸಹಿ ಹಾಕೋದಾ, ಬೇಡ ಅಂತಲಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮದೊಂದು ಸಣ್ಣ ರೆಸ್ಟೋರೆಂಟ್. ಕಟ್ಟಡ ನಮ್ಮದೇ, ಅದರ ಮೇಲೆ ಸಾಲ ಇದೆ. ಈ ಸಲ ವಿಮೆ ರಿನ್ಯೂವಲ್ ಜೊತೆ ‘ಟ್ರಿಯಾ’ (ಭಯೋತ್ಪಾದನೆಯ ನಷ್ಟಕ್ಕೆ ವಿಮೆ ಕುರಿತ ಅಮೆರಿಕದ ಕಾನೂನು) ಅನ್ನೋ ಫಾರ್ಮ್ ಬಂದಿದೆ, ಪ್ರೀಮಿಯಂ ಬೇರೆಯಾಗಿ ತೋರಿಸಿದ್ದಾರೆ. ಹೇಗೂ ಸರ್ಕಾರದ ಬೆಂಬಲ ಇದೆಯಲ್ಲ, ಬೇಡ ಅಂದರೆ ಏನಾಗುತ್ತೆ? ತಿಳಿದವರು ಹೇಳಿ.

ವಿಮಾ ಬ್ರೋಕರ್: ಸರ್, ಆ ಬೆಂಬಲ ಇರೋದು ವಿಮಾ ಕಂಪನಿಗೆ, ನಿಮಗಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಮರುವಿಮೆ ಕಂಪನಿಗಳು (ವಿಮಾ ಕಂಪನಿಗಳಿಗೇ ವಿಮೆ ಕೊಡುವವು) ಕೈ ತೊಳೆದುಕೊಂಡವು, ಅದಕ್ಕೇ 2002ರಲ್ಲಿ ಟ್ರಿಯಾ ಕಾನೂನು ಬಂತು. ಕಂಪನಿ ತನ್ನ ಹಿಂದಿನ ವರ್ಷದ ಪ್ರೀಮಿಯಂನ 20% ಆಗುವಷ್ಟು ನಷ್ಟವನ್ನು ಮೊದಲು ತಾನೇ ಹೊರಬೇಕು. ಅದರಾಚೆಗಿನದರಲ್ಲಿ 80% ಸರ್ಕಾರದ್ದು, ಅದೂ ಎಲ್ಲ ಕಂಪನಿಗಳ ವರ್ಷದ ಒಟ್ಟು ನಷ್ಟ 20 ಕೋಟಿ ಡಾಲರ್ ದಾಟಿದರೆ. ಬೇಡ ಅಂತ ಸಹಿ ಹಾಕಿದವರಿಗೆ ಇದರಿಂದ ಏನೂ ಬರಲ್ಲ. ಮೊದಲು ಸಾಲದ ಕಾಗದ ತೆಗೆದು ನೋಡಿ. ಈ ಕವರ್ ಕಡ್ಡಾಯ ಅಂತಿದ್ದರೆ ಯೋಚಿಸೋದೇನಿಲ್ಲ. ನೀವು ಬಿಟ್ಟರೆ ಬ್ಯಾಂಕೇ ದುಬಾರಿ ಪಾಲಿಸಿ ಕೊಂಡು ನಿಮ್ಮ ಲೆಕ್ಕಕ್ಕೆ ಹಾಕಬಹುದು. ಕೆಲಸಗಾರರ ಪರಿಹಾರ ವಿಮೆಯಲ್ಲಿ ಬೇಡ ಅನ್ನೋ ಆಯ್ಕೆಯೇ ಇಲ್ಲ.

ಕ್ಲೇಮ್ ಅಡ್ಜಸ್ಟರ್: ಬೇಡ ಅಂದಾಗ ಪಾಲಿಸಿಗೆ ಅಂಟಿಸುವ ಎಂಡಾರ್ಸ್‌ಮೆಂಟ್‌ನ (ಷರತ್ತು ಬದಲಿಸುವ ಹಾಳೆಯ) ಒಂದೊಂದು ಪದವೂ ಮುಖ್ಯ. ‘ಸರ್ಟಿಫೈಡ್’ (ಭಯೋತ್ಪಾದನೆ ಅಂತ ಸರ್ಕಾರ ಅಧಿಕೃತವಾಗಿ ಘೋಷಿಸಿದ) ಕೃತ್ಯ ಮಾತ್ರ ಹೊರಗೋ, ಇತರ ಭಯೋತ್ಪಾದನೆಯೂ ಹೊರಗೋ? ಸರ್ಟಿಫೈ ಮಾಡೋದು ಅಮೆರಿಕದ ಖಜಾನೆ ಕಾರ್ಯದರ್ಶಿ, ನಷ್ಟ 50 ಲಕ್ಷ ಡಾಲರ್ ಮೀರಿದರೆ ಮಾತ್ರ. ಇಲ್ಲಿಯವರೆಗೆ ಒಂದನ್ನೂ ಮಾಡಿಲ್ಲ, 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟವನ್ನೂ! ಹಾಗಾಗಿ ಮೊದಲ ಬಗೆಯದಾದರೆ ಅಂಥ ಘಟನೆಯಲ್ಲಿ ಮಾಮೂಲಿ ಪಾಲಿಸಿಯೇ ಕೊಡಬೇಕಾಗುತ್ತೆ. ಎರಡನೆಯದಾದರೆ ಎರಡೂ ಬಾಗಿಲು ಬಂದ್. ಕ್ಯಾಲಿಫೋರ್ನಿಯಾದಲ್ಲಿ ದಾಳಿಯಿಂದ ಹೊತ್ತಿದ ಬೆಂಕಿಯ ನಷ್ಟಕ್ಕೆ ರಕ್ಷಣೆ ಉಳಿಯುತ್ತೆ, ಸ್ಫೋಟದ್ದಕ್ಕಿಲ್ಲ.

ರೆಸ್ಟೋರೆಂಟಿಗೆ ದೊಡ್ಡ ಹೊಡೆತ ಸಾಮಾನ್ಯವಾಗಿ ಗೋಡೆಗಲ್ಲ, ಗಲ್ಲಾಪೆಟ್ಟಿಗೆಗೆ. ಪೊಲೀಸರು ರಸ್ತೆ ಮುಚ್ಚಿದರೆ ‘ಸಿವಿಲ್ ಅಥಾರಿಟಿ’ ಕಲಂ (ಅಧಿಕಾರಿಗಳು ದಾರಿ ಮುಚ್ಚಿದ್ದರಿಂದ ಹೋದ ಆದಾಯ ತುಂಬಿಕೊಡುವುದು) ನೋಡಿ. ಪ್ರಚಲಿತ ನಮೂನೆಯಲ್ಲಿ ಹಾನಿಯಾದ ಬೇರೆಯವರ ಆಸ್ತಿ ನಿಮ್ಮಿಂದ ಒಂದು ಮೈಲಿಯೊಳಗಿರಬೇಕು, ಆದಾಯ ನಷ್ಟದ ಲೆಕ್ಕ 72 ಗಂಟೆ ಕಳೆದ ಮೇಲೆ ಶುರು, ನಾಲ್ಕು ವಾರಕ್ಕೆ ಮುಕ್ತಾಯ. ಎರಡು ದಿನ ಮುಚ್ಚಿದ್ದಕ್ಕೆ ಏನೂ ಸಿಗಲ್ಲ. ಕಾಯುವ ಅವಧಿ 24 ಗಂಟೆಗೆ ಇಳಿಸಲಾಗುತ್ತಾ ಅಂತ ರಿನ್ಯೂವಲ್‌ನಲ್ಲೇ ಕೇಳಿ, ನನ್ನ ಪ್ರಕಾರ ಟ್ರಿಯಾಗಿಂತ ನಿಮಗೆ ಅದರಲ್ಲೇ ಲಾಭ.

ಬೆಂಗಳೂರಿನ ವಿಮಾ ಸರ್ವೇಯರ್: ಊರಲ್ಲೂ ಆಸ್ತಿ ಇರುವವರಿಗೆ ಒಂದು ಮಾತು. ಭಾರತದಲ್ಲಿ 2002ರಿಂದ ಇರೋದು ವಿಮಾ ಕಂಪನಿಗಳ ಪೂಲ್ (ಭಯೋತ್ಪಾದನೆ ನಷ್ಟಕ್ಕೆ ಸೇರಿ ಮಾಡಿದ ಜಂಟಿ ನಿಧಿ), ನಡೆಸೋದು ಸರ್ಕಾರಿ ಮರುವಿಮೆ ಕಂಪನಿ ಜಿಐಸಿ ರೀ. ಬ್ರಿಟನ್ನಿನ ಇಂಥದ್ದೇ ಪೂಲ್ ಆದ ‘ಪೂಲ್ ರೀ’ಗೆ ಇರುವಂತೆ ಸರ್ಕಾರದ ಗ್ಯಾರಂಟಿ ಇದಕ್ಕಿಲ್ಲ. ಮನೆಗಳಿಗಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕವರ್ ಒಳಗೇ ಸೇರಿದೆ. ದೊಡ್ಡ ಕಾರ್ಖಾನೆಗಳು ಆಡ್-ಆನ್ ಆಗಿ ಕೊಳ್ಳಬೇಕು.

ವಿಮಾ ಬ್ರೋಕರ್: ಇನ್ನೊಂದು ಬಿಟ್ಟುಹೋಯ್ತು ಸರ್. ಈಗಿನ ಕಾನೂನಿನ ಅವಧಿ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ನಿಮ್ಮ ಪಾಲಿಸಿ ಆ ದಿನ ದಾಟುವಂತಿದ್ದರೆ, ಕಾನೂನು ಮುಂದುವರಿಯದಿದ್ದಲ್ಲಿ ಕವರ್ ತಾನಾಗೇ ರದ್ದು ಅನ್ನೋ ಷರತ್ತು ಇದೆಯಾ ನೋಡಿ. ಇದ್ದರೆ, ಉಳಿದ ತಿಂಗಳ ಪ್ರೀಮಿಯಂ ವಾಪಸ್ ಕೊಡ್ತೀರಾ ಅಂತ ಈಗಲೇ ಈಮೇಲ್‌ನಲ್ಲಿ ಬರೆಸಿಕೊಳ್ಳಿ.