ಸಹಾಯ ಬೇಕು: ರಾಣಿ ಗೊದ್ದ ಹಳೇ ಟ್ಯೂಬ್ ಬಿಟ್ಟು ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ರ. ಜೂನ್‌ನಲ್ಲಿ ಮಳೆ ಹಿಡಿದ ಸಂಜೆ ಜಗಲಿ ದೀಪದ ಕೆಳಗೆ ರೆಕ್ಕೆ ಉದುರಿಸಿಕೊಂಡ ರಾಣಿ ಗೊದ್ದ ಸಿಕ್ತು. ಸಾಕೋಣ ಅಂತ ಟೆಸ್ಟ್ ಟ್ಯೂಬಿನ ತಳಕ್ಕೆ ನೀರು, ಅದಕ್ಕೆ ಅಡ್ಡ ಹತ್ತಿ, ಬಾಯಿಗೆ ಇನ್ನೊಂದು ಹತ್ತಿ ಇಟ್ಟು ಕತ್ತಲಲ್ಲಿಟ್ಟೆ. ಮೊದಲ ಕೆಲಸಗಾರ ಇರುವೆಗಳು ಬರೋವರೆಗೆ ಅದು ತನ್ನ ರೆಕ್ಕೆಯ ಸ್ನಾಯು ಕರಗಿಸಿಕೊಂಡೇ ಮರಿ ಸಾಕುತ್ತೆ, ಹಾಗಾಗಿ ಊಟ ಹಾಕಿಲ್ಲ. ಈಗ 5 ಮರಿಹುಳ, 3 ಗೂಡು (ಮರಿಹುಳ ತನ್ನ ಸುತ್ತ ಕಟ್ಟಿಕೊಂಡ ಕೋಶ) ಇವೆ. ಅವನ್ನ ನೆಕ್ಕಿ ನೆಕ್ಕಿ ಒಟ್ಟು ಮಾಡೋದು ನೋಡ್ತಿದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಈಗಿನ ತೊಂದರೆ ಬೂಷ್ಟು. ಈ ಮಳೆಗೆ ಇಲ್ಲಿ ಚಪ್ಪಲಿ, ಬೆಲ್ಟಿಗೂ ಬರುತ್ತಲ್ಲ, ನೀರಿನ ಕಡೆ ಹತ್ತಿ ಪೂರ್ತಿ ಕಪ್ಪಾಗಿದೆ. ಹೊಸ ಟ್ಯೂಬನ್ನ ಬಾಯಿಗೆ ಬಾಯಿ ಸೇರಿಸಿ, ಕತ್ತಲು ಹುಡುಕಿ ತಾನೇ ಬರಲಿ ಅಂತ ಅದಕ್ಕೆ ಬಟ್ಟೆ ಸುತ್ತಿ, ಹಳೇದಕ್ಕೆ ಬೆಳಕು ಬಿಟ್ಟು 4 ದಿನ ಕಾದೆ. ಒಂದು ಸಲ ಬಂದು ಮೀಸೆ ಆಡಿಸಿ ವಾಪಸ್ ಹೋಯ್ತು, ಅಷ್ಟೇ. ತಟ್ಟಿ ಬೀಳಿಸೋಕೆ ಭಯ, ಗಾಬರಿಯಾದ್ರೆ ಮರಿಗಳನ್ನೇ ತಿಂದುಬಿಡಬಹುದು.

ಬೂಷ್ಟು ಇನ್ನೂ ಗೂಡಿಗೆ ತಾಗಿಲ್ಲ. ಕೆಲಸಗಾರ ಇರುವೆಗಳು ಹೊರಬರೋವರೆಗೆ ಹಾಗೇ ಬಿಡಲಾ, ಇಲ್ಲಾ ಈಗಲೇ ತಟ್ಟಿ ಹೊಸದಕ್ಕೆ ಹಾಕಲಾ? ಮಲೆನಾಡಿನ ಮಳೆಗಾಲದಲ್ಲಿ ಸಾಕಿದವರು ದಯವಿಟ್ಟು ಹೇಳಿ.