ಪ್ಲಸ್ ವನ್ ಮಾರ್ಕ್ ಕಡಿಮೆ ಬಂದರೆ ಇಂಜಿನಿಯರಿಂಗ್ ಆಸೆ ಬಿಡಬೇಕಾ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ತಾಯಿ): ಮಾಷ್ಟ್ರೇ, ಮಗಳು ಹತ್ತರ ತನಕ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಫುಲ್ ಎ ಪ್ಲಸ್. ಹನ್ನೊಂದನೆಯ ಕ್ಲಾಸು, ಅಂದರೆ ಪ್ಲಸ್ ವನ್‌ನಲ್ಲಿ ಮಾತ್ರ 600ಕ್ಕೆ 412 ಬಂತು, ಫಿಸಿಕ್ಸ್ ತೀರಾ ಕಡಿಮೆ. ಎಂಟ್ರೆನ್ಸ್ ಚೆನ್ನಾಗಿ ಬರೆದರೆ ಸಾಕು, ಶಾಲೆಯ ಮಾರ್ಕ್ ಯಾರೂ ನೋಡುವುದಿಲ್ಲ ಅಂತ ಕೋಚಿಂಗ್‌ನವರು ಹೇಳುತ್ತಾರೆ. ಹೌದಾ?

ಉತ್ತರ: ಅಕ್ಕ, ಆ ಮಾತು ಮೆಡಿಕಲ್ ಎಂಟ್ರೆನ್ಸ್ ನೀಟ್‌ಗೆ ಸರಿ. ಅಲ್ಲಿ ಜನರಲ್‌ನವರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 50 ಶೇಕಡಾ ಇದ್ದರೆ ಆಯಿತು, ಮತ್ತೆಲ್ಲ ನೀಟ್ ರ‍್ಯಾಂಕ್. ಇಂಜಿನಿಯರಿಂಗಿಗೆ ಹಾಗಲ್ಲ. ಕೇರಳದ ಇಂಜಿನಿಯರಿಂಗ್ ಎಂಟ್ರೆನ್ಸ್ ಕೀಮ್‌ನಲ್ಲೂ ಕರ್ನಾಟಕದ ಸಿಇಟಿಯಲ್ಲೂ ರ‍್ಯಾಂಕ್‌ನ ಅರ್ಧ ಭಾಗ ಹನ್ನೆರಡನೆಯ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮಾರ್ಕಿನದ್ದು. ಶಾಲೆಯ ಪರೀಕ್ಷೆ ಬಿಟ್ಟು ಕೋಚಿಂಗ್ ಹಿಂದೆ ಓಡಿದರೆ ಆ ಅರ್ಧ ಹೋಯಿತು ಅಂತಲೇ ಲೆಕ್ಕ. ಇನ್ನು ಕಣ್ಣೂರು ಯೂನಿವರ್ಸಿಟಿಯ ಡಿಗ್ರಿ ಅಲಾಟ್‌ಮೆಂಟಿಗೆ ಮಾರ್ಕೇ ಮುಖ್ಯ.

ಸರ್ಟಿಫಿಕೇಟಿನಲ್ಲಿ ಎರಡೂ ವರ್ಷ ಸೇರಿ 1200ಕ್ಕೆ ಮಾರ್ಕ್ ಬರುತ್ತದೆ, ಹಾಗಾಗಿ ಪ್ಲಸ್ ವನ್ ಮುಗಿದ ಕತೆ ಅಂತ ಬಿಡಬೇಡಿ. ಫಿಸಿಕ್ಸ್ ಇಂಪ್ರೂವ್‌ಮೆಂಟ್ ಪರೀಕ್ಷೆ ಬರೆಸಿ, ಮಾರ್ಕ್ ಏರಿಸಿಕೊಳ್ಳಲು ಅದೇ ವಿಷಯ ಇನ್ನೊಮ್ಮೆ ಬರೆಯುವುದು ಅದು. ಅವಳು ದಡ್ಡಿ ಅಲ್ಲ ಅಕ್ಕ. ಹತ್ತು ವರ್ಷ ವೇಗ, ಬಲ, ಕೆಲಸ ಅಂತ ಕಲಿತ ಮಗುವಿಗೆ ಒಂದೇ ಜೂನ್‌ನಲ್ಲಿ ಎಲ್ಲವೂ ಇಂಗ್ಲಿಷ್ ಆಯಿತು, ಕ್ಲಾಸಿನಲ್ಲಿ ವಿವರಣೆ ಮಲಯಾಳದಲ್ಲಿ! ನಮ್ಮ ಊರಿನ ಎಷ್ಟೋ ಮಕ್ಕಳು ಎಡವುವುದು ಇಲ್ಲೇ, ಪ್ರತಿ ವರ್ಷ ನೋಡಿ ಹೊಟ್ಟೆ ಉರಿಯುತ್ತದೆ. ಹತ್ತನೆಯ ಕನ್ನಡ ಪಾಠಪುಸ್ತಕ ಬಿಸಾಡಬೇಡಿ. ಪ್ರತಿ ಪಾಠದ ಇಂಗ್ಲಿಷ್ ಪದದ ಪಕ್ಕ ಕನ್ನಡ ಪದ ಬರೆದುಕೊಳ್ಳಲಿ, ಎರಡು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಪ್ರಶ್ನೆ: ಕರ್ನಾಟಕ ಸಿಇಟಿ ನಮಗೂ ಆಗುತ್ತದಾ? ಮನೆಯಲ್ಲಿ ತುಳು ಮಾತಾಡುವುದು.

ಉತ್ತರ: ಧಾರಾಳ ಆಗುತ್ತದೆ. ಗಡಿನಾಡ ಕನ್ನಡಿಗರು ಅಂತ ಅವಕಾಶ ಇದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಒಂದರಿಂದ ಹನ್ನೆರಡರ ಒಳಗೆ ಕನಿಷ್ಠ 7 ವರ್ಷ ಕಾಸರಗೋಡು, ಹೊಸದುರ್ಗ, ಮಂಜೇಶ್ವರದಂಥ ಗಡಿ ತಾಲೂಕಿನಲ್ಲಿ ಓದಿರಬೇಕು, ಕನ್ನಡ ಭಾಷಾ ಪರೀಕ್ಷೆಯೂ ಬರೆಯಬೇಕು. ಕನ್ನಡ ಮಾಧ್ಯಮದ ಮಗುವಿಗೆ ಅದು ಕಷ್ಟವೇ ಅಲ್ಲ. ಹಿಂದಿನ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಡಿ, ಅರ್ಜಿ ಹಾಕುವ ಹೊತ್ತಿಗೆ ಅಲೆದಾಡಬೇಡಿ. ಫಿಸಿಕ್ಸ್ ಡೌಟ್ ಇದ್ದರೆ ಭಾನುವಾರ ಅವಳನ್ನು ಕಳಿಸಿ, ಕನ್ನಡದಲ್ಲೇ ಹೇಳಿಕೊಡುತ್ತೇನೆ.